ಅಜ್ಜನ ಟೋಪಿ ಕಾಯುವ ದಿಬ್ಬ

ವುನಿದೋಗೋ ಊರು, ಕಡವು ದ್ವೀಪ, ಫಿಜಿ
ಏಪ್ರಿಲ್ ೨೮, ಭಾನುವಾರ, ಮಧ್ಯಾಹ್ನದ ಊಟದ ಮೇಲೆ

ಪ್ರೀತಿಯ ಅಣ್ಣ ಅಮಿನಿಯಾಸಿಗೆ,

ನಿನ್ನ ಒಬ್ಬನೇ ತಮ್ಮನೂ, ನಿನ್ನೆ ಬೆಳಿಗ್ಗೆ ಹತ್ತು ಗಂಟೆಯಿಂದ ಈಚೆಗೆ ಈ ಊರಿನ ಅಧಿಕೃತ ಅಪರಾಧಿಯೂ ಆದ ಕಿಟಿಯೋನೆ ತಲೆಬಾಗಿ ಬರೆಯುತ್ತಿರುವ ಪತ್ರ. ಮೊದಲು ನಿನ್ನ ಆರೋಗ್ಯದ ವಿಷಯ. ಕೆಮ್ಮು ಹೇಗಿದೆ? ಹೋದ ಸಲ ಫೋನಿನಲ್ಲಿ ಮೂರು ಮಾತಿಗೊಮ್ಮೆ ಕೆಮ್ಮುತ್ತಿದ್ದೆ. ಅಮ್ಮ ಅದು ಆಸ್ಟ್ರೇಲಿಯಾದ ಏಸಿ ಗಾಳಿ ಅಂದಳು. ನಾನು ಕಲ್ಲಿದ್ದಲ ಧೂಳು ಅಂದೆ. ಇಬ್ಬರಲ್ಲಿ ಯಾರು ಸರಿ ಎಂದು ತಿಳಿಸು, ಎರಡು ಎಳನೀರಿನ ಪಂತ ಇದೆ. ಸೊಂಟದ ನೋವಿಗೆ ಅಮ್ಮ ಹೋದ ತಿಂಗಳು ಕಳಿಸಿದ ಎಣ್ಣೆ ಹಚ್ಚುತ್ತಿದ್ದೀಯಾ, ಇಲ್ಲ ಅದರಲ್ಲಿ ಮೊಟ್ಟೆ ಕರಿದು ತಿಂದೆಯಾ? ಇಲ್ಲಿ ಅಮ್ಮ ಕ್ಷೇಮ, ಅಂದರೆ ಮಂಡಿ ನೋಯುತ್ತದೆ, ಬಾಯಿ ನೋಯುವುದಿಲ್ಲ. ಹಂದಿಗಳು ಕ್ಷೇಮ. ನಾಯಿ ಯಾರೊಂದಿಗೋ ಜಗಳವಾಡಿ ಒಂದು ಕಿವಿ ಹರಿದುಕೊಂಡಿದೆ, ಅದೂ ಕ್ಷೇಮ. ನಾನು ಕ್ಷೇಮವೋ ಅಲ್ಲವೋ ಎಂಬುದನ್ನು ಈ ಪತ್ರ ಓದಿದ ಮೇಲೆ ನೀನೇ ತೀರ್ಮಾನಿಸು.

ಫೋನ್ ಬಿಟ್ಟು ಕಾಗದವೇಕೆ ಎಂದು ಕೇಳುತ್ತೀ. ನಮ್ಮ ಫೋನಿನ ಪಾಡು ನಿನಗೆ ಗೊತ್ತು. ದಿವಿಹಲಸಿನ ಮರದ ಕೆಳಗೆ ಮಾತ್ರ ಸಿಗ್ನಲ್, ಆ ಮರದ ಕೆಳಗೆ ಯಾವಾಗಲೂ ಅರ್ಧ ಊರು, ಅಮ್ಮನಿಗೆ ಮಗನ ದನಿ ಎಲ್ಲರಿಗೂ ಕೇಳಿಸಬೇಕೆಂಬ ಆಸೆ. ಅದಕ್ಕೇ ಹೋದ ವಾರ ನೀನು ಕೇಳಿದಾಗ ಅವಳು ‘ಎಲ್ಲಾ ಚೆನ್ನಾಗಿದೆ ಮಗಾ, ನೂರನೇ ರಾತ್ರಿಯ ಊಟಕ್ಕೆ ತಯಾರಿ ನಡೀತಿದೆ’ ಅಂದಳು. ಸುಳ್ಳು. ಈಗ ಊರೆಲ್ಲ ಕೆಸುವಿನ ಗೆಡ್ಡೆ, ತೆಂಗಿನ ಹಾಲು ತಿಂದು ಮಲಗಿದೆ. ಭಾನುವಾರ ಕೆಲಸ ಮಾಡಬಾರದು. ಪತ್ರ ಬರೆಯುವುದು ಕೆಲಸವೇ ಎಂದು ಪಾದ್ರಿಯನ್ನು ಕೇಳಲು ಹೋಗಿಲ್ಲ, ನಿನ್ನೆಯಿಂದ ನನ್ನ ಅಪರಾಧದ ಪಟ್ಟಿ ಸಾಕಷ್ಟು ಉದ್ದವಿದೆ. ಮಂಗಳವಾರದ ಹಡಗಿಗೆ ಇದನ್ನು ಹಾಕುತ್ತೇನೆ.

ಜನವರಿಯಲ್ಲಿ ಅಜ್ಜ ತೀರಿಕೊಂಡಾಗ ನಿನಗೆ ರಜೆ ಕೊಡಲಿಲ್ಲ. ಆ ಸಿಟ್ಟು ನನಗೆ ನಿನ್ನ ಮೇಲಿಲ್ಲ, ನೀನು ಹಡಗಿಗೆ ಕಲ್ಲಿದ್ದಲು ತುಂಬುವ ಆ ಬಂದರಿನವರ ಮೇಲಿದೆ. ನೀನಿಲ್ಲದೆ ನಡೆದದ್ದನ್ನು ಸರಿಯಾಗಿ ಯಾರೂ ನಿನಗೆ ಹೇಳಿಲ್ಲವಾದ್ದರಿಂದ ಹೇಳುತ್ತೇನೆ. ಅಜ್ಜನನ್ನು ಮಣ್ಣು ಮಾಡಿದ ಸಂಜೆಯೇ ನಮ್ಮ ಮೀನುಗಾರ ಮನೆತನದವರು ಹವಳದ ದಿಬ್ಬದ ಅಂಚಿಗೆ ಗೂಟ ನೆಟ್ಟು, ತೆಂಗಿನ ಗರಿ ಕಟ್ಟಿ, ಕಟ್ಟು ಹಾಕಿದರು. ಮೀನುಗಾರರ ಹಿರಿಯ ಹೋದರೆ ಅವನ ದಿಬ್ಬವೂ ನೂರು ರಾತ್ರಿ ಶೋಕದಲ್ಲಿರಬೇಕು. ಬಲೆ ಇಲ್ಲ, ಈಟಿ ಇಲ್ಲ, ಅಲ್ಲಿ ಕಾಲು ಕೂಡ ಇಡುವ ಹಾಗಿಲ್ಲ. ನೂರನೇ ರಾತ್ರಿ ಕಳೆದ ಮೇಲೆ ಅದೇ ದಿಬ್ಬದಲ್ಲಿ ಬಲೆ ಬಿಟ್ಟು, ಸಿಕ್ಕಿದ ಮೀನಿನಲ್ಲಿ ಐದು ಊರಿಗೆ ಊಟ. ಅಜ್ಜನ ಜಾಗಕ್ಕೆ ಬಂದ ತೊಮಾಸಿ ದೊಡ್ಡಪ್ಪ ಅಲ್ಲಿಯ ತನಕ ಗಡ್ಡ ತೆಗೆಯುವುದಿಲ್ಲ ಎಂದು ಎಲ್ಲರೆದುರು ಶಪಥ ಮಾಡಿದ. ಗಡ್ಡ ಅವನಿಗೆ ಒಗ್ಗುವುದಿಲ್ಲ. ಪ್ರಾರ್ಥನೆಯ ನಡುವೆ ಅವನು ಕೆರೆದುಕೊಳ್ಳುವ ಸದ್ದು ಹಿಂದಿನ ಬೆಂಚಿಗೂ ಕೇಳುತ್ತದೆ.

ಈಗ ಟೋಪಿಯ ಕಥೆ. ಅಜ್ಜನ ಮುಂಡುಗದೆಲೆಯ ಟೋಪಿ, ಕೆಂಪು ಪಟ್ಟಿಯದು, ನೀನು ಚಿಕ್ಕವನಿದ್ದಾಗ ಅದರಲ್ಲಿ ಏಡಿ ತುಂಬಿ ಏಟು ತಿಂದದ್ದು. ಇಪ್ಪತ್ತನೆಯ ದಿನ, ಬೆಳಗಿನ ಇಳಿತದ ಹೊತ್ತು, ನಾನು ಅದನ್ನೂ ಅಜ್ಜನ ನೀಲಿ ಅಂಗಿಯನ್ನೂ ಹಿಡಿದುಕೊಂಡು ನಡೆದುಹೋಗಿ ಆ ಗೂಟಕ್ಕೆ ಗಾಳದ ದಾರದಿಂದ ಬಿಗಿದು ಬಂದೆ. ದೂರದಿಂದ ನೋಡಿದರೆ ಥೇಟ್ ಅಜ್ಜ, ಸ್ವಲ್ಪ ಎಡಕ್ಕೆ ವಾಲಿ ನಿಂತು ನೀರು ನೋಡುತ್ತಿದ್ದಾನೆ. ಆ ಕಡೆಯ ಕೊಲ್ಲಿಯಲ್ಲಿ ಚಿಪ್ಪು ಹೆಕ್ಕಿ ಬರುತ್ತಿದ್ದ ಮಕೆರೇಟಾ ಅತ್ತೆಯೂ ಜೊತೆಯವರಿಬ್ಬರೂ ಅದನ್ನು ಕಂಡರು. ಅತ್ತೆಗೆ ಅರವತ್ತೆಂಟು. ಅವಳು ಓಡಿದ ವೇಗದಲ್ಲಿ ನಮ್ಮ ರಗ್ಬಿ ತಂಡದ ಒಬ್ಬನೂ ಓಡಲಾರ. ಬುಟ್ಟಿ ನೀರಿನಲ್ಲಿ, ಚಪ್ಪಲಿ ಮರಳಿನಲ್ಲಿ, ಜೊತೆಯವಳೊಬ್ಬಳು ಓಡುತ್ತಲೇ ಕೀರ್ತನೆ ಹಾಡುತ್ತಿದ್ದಳು, ಅದೂ ಶ್ರುತಿ ತಪ್ಪದೆ. ಯಾರ ಕೆಲಸ ಎಂದು ಪತ್ತೆಹಚ್ಚಲು ಊರಿಗೆ ಎರಡು ನಿಮಿಷವೂ ಬೇಕಾಗಲಿಲ್ಲ. ಒಂದು ವಾರ ಎಲ್ಲರೂ ನಕ್ಕರು, ಅತ್ತೆಯೂ ನಕ್ಕಳು, ದೊಡ್ಡಪ್ಪ ನಕ್ಕು ನಕ್ಕು ಕಣ್ಣೀರಲ್ಲಿ ಗಡ್ಡ ತೋಯಿಸಿಕೊಂಡ. ಟೋಪಿಯನ್ನು ವಾಪಸ್ ತರುವ ಬಗ್ಗೆ ಚಾವಡಿಯಲ್ಲಿ ಗಂಭೀರ ಸಭೆಯೂ ನಡೆಯಿತು. ಊರಿನ ಪರವಾಗಿ ಮಾತಾಡುವ ಹಕ್ಕುಳ್ಳ ವಿಲಿಕೇಸಾ ಮಾವ ಒಂದು ಗಂಟೆ ಮಾತಾಡಿ, ತರಲು ಹೋದವನೂ ಕಟ್ಟು ಮುರಿದಂತಾಗುತ್ತದೆ, ಆದ್ದರಿಂದ ನೂರು ರಾತ್ರಿ ಮುಗಿಯುವ ತನಕ ಟೋಪಿ ಅಲ್ಲೇ ಇರಲಿ ಎಂದು ತೀರ್ಪು ಕೊಟ್ಟ. ಹೀಗೆ ಅಜ್ಜ ಮತ್ತೆ ಕೆಲಸಕ್ಕೆ ಸೇರಿದ.

ಕುಚೇಷ್ಟೆಗಾಗಿ ಮಾಡಿದೆ ಎಂದು ಎಲ್ಲರಿಗೂ ಹೇಳಿದೆ. ನಿನಗೆ ಮಾತ್ರ ನಿಜ ಹೇಳುತ್ತೇನೆ. ಬೆಳಿಗ್ಗೆ ಎದ್ದು ಹಲ್ಲುಜ್ಜುತ್ತ ಕಡಲ ಕಡೆ ನೋಡಿದರೆ ಅಲ್ಲಿ ಯಾರೂ ಇರುತ್ತಿರಲಿಲ್ಲ. ಹತ್ತೊಂಬತ್ತು ದಿನ ಹಾಗೆ ನೋಡಿದೆ. ಇಪ್ಪತ್ತನೆಯ ದಿನ ನನ್ನಿಂದ ಆಗಲಿಲ್ಲ.

ಇನ್ನೊಂದು ನಿಜವೂ ಇದೆ, ಅದನ್ನು ಬರೆಯಲು ಕೈ ಅಷ್ಟು ಸಲೀಸಾಗಿ ಬರುತ್ತಿಲ್ಲ. ಅವತ್ತು ನೀರು ಬೆಚ್ಚಗಿತ್ತು. ಬೆಚ್ಚಗೆಂದರೆ ಎಳೆ ಮಗುವನ್ನು ಮೀಯಿಸಲು ಅಮ್ಮಂದಿರು ಮೊಣಕೈ ಅದ್ದಿ ನೋಡುತ್ತಾರಲ್ಲ, ಹಾಗೆ. ಕಾಲಡಿಯ ಹವಳ ಹಿಂದೆಂದೂ ನೋಡದ ಬಣ್ಣದಲ್ಲಿತ್ತು. ಕಡುನೀಲಿ, ನೇರಳೆ, ಒಳಗೆ ದೀಪ ಹಚ್ಚಿಟ್ಟಂಥ ಹಳದಿ. ಅಜ್ಜನಿಗಾಗಿ ದಿಬ್ಬ ಸಿಂಗರಿಸಿಕೊಂಡಿದೆ ಎಂದುಕೊಂಡೆ, ಮೂರ್ಖ. ಅದು ಸಿಂಗಾರವಲ್ಲ, ಬಿಸಿ ತಾಳಲಾರದೆ ಹವಳ ಕೊನೆಯ ಬಾರಿಗೆ ಹಾಗೆ ಉರಿಯುತ್ತದಂತೆ. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಗೂಟದ ಹತ್ತಿರವಷ್ಟೇ ಅಲ್ಲ, ಒಳಗೆಲ್ಲ ಅಡ್ಡಾಡಿ ಬಂದದ್ದು ಗೊತ್ತಾಗುತ್ತಿತ್ತು. ಹೇಳಿದ್ದರೆ ಸಮುದ್ರ ತಣ್ಣಗಾಗುತ್ತಿತ್ತೇ? ಇಲ್ಲ. ಆದರೂ ಆ ಬಣ್ಣವನ್ನು ನಾನೊಬ್ಬನೇ ನೋಡಿದೆ, ನೋಡಿ ಖುಷಿಪಟ್ಟೆ.

ಮಾರ್ಚ್ ಎರಡನೇ ವಾರ ದಿಬ್ಬ ಬೆಳ್ಳಗಾಯಿತು. ಚರ್ಚಿನ ಮೆಟ್ಟಿಲ ಮೇಲೆ ನಿಂತರೂ ಕಾಣುತ್ತಿತ್ತು, ನೀರಿನಡಿಯಲ್ಲಿ ಯಾರೋ ಸುಣ್ಣದ ಮೂಟೆ ಒಡೆದ ಹಾಗೆ. ಜಿಂಕೆಗೊಂಬಿನ ಹವಳ, ತಟ್ಟೆ ಹವಳ, ಅಜ್ಜ ದೋಣಿ ಕಟ್ಟುತ್ತಿದ್ದ ಆ ಗುಂಡು ಹವಳ, ಎಲ್ಲ ಬಿಳಿ. ಕಿತ್ತಳೆ ಮೀನಿನ ಮನೆಯಾದ ಹೂವಿನಂಥ ಪ್ರಾಣಿಯೂ ಬಿಳಿ, ಅದರ ನಡುವೆ ಆ ಪುಟ್ಟ ಮೀನು ಮಾತ್ರ ಬಣ್ಣದಲ್ಲಿ, ಶವದ ಮನೆಗೆ ಹಬ್ಬದ ಬಟ್ಟೆ ಹಾಕಿಕೊಂಡು ಬಂದವನ ಹಾಗೆ ಎಲ್ಲಿ ಅಡಗಬೇಕೆಂದು ತಿಳಿಯದೆ ಸುತ್ತುತ್ತಿತ್ತು. ಇಳಿತದಲ್ಲಿ ಗಾಳಿ ಈ ಕಡೆ ಬೀಸಿದರೆ ಲೋಳೆ ಕೊಳೆತ ನಾತ. ಆಗಲೇ ಒಂದು ದಿನ ಆಚೆ ದಡದ ರೆಸಾರ್ಟಿನ ದೋಣಿ ಗೂಟದ ಹೊರಗೆ ಬಂದು ನಿಂತಿತು. ಕನ್ನಡಕ ಹಾಕಿಕೊಂಡು ಮುಳುಗಿದ ಒಬ್ಬಾಕೆ ಮೇಲೆ ಬಂದು ‘ಎಷ್ಟು ಚಂದ, ಎಲ್ಲಾ ಬಿಳಿ, ಮದುವೆಮನೆ ಥರ’ ಅಂದಳಂತೆ. ದೋಣಿ ನಡೆಸುವ ಹುಡುಗ ನಮ್ಮ ಪಕ್ಕದ ಊರಿನವನು, ಅವನು ತಲೆ ತಗ್ಗಿಸಿ ಎಂಜಿನ್ ಒರೆಸುತ್ತ ಕೂತನಂತೆ. ಆಕೆಯ ಮೇಲೆ ಸಿಟ್ಟು ಮಾಡಿಕೊಂಡು ಎರಡು ರಾತ್ರಿ ನಿದ್ದೆಗೆಟ್ಟೆ. ಮೂರನೆಯ ದಿನ ನೆನಪಾಯಿತು, ಚಂದ ಅಂದುಕೊಂಡವರಲ್ಲಿ ಮೊದಲನೆಯವನು ನಾನೇ.

ಆಮೇಲೆ ಊರು ಕಾರಣ ಹುಡುಕತೊಡಗಿತು. ಹುಡುಕಲು ಬಹಳ ದೂರ ಹೋಗಬೇಕಾಗಲಿಲ್ಲ, ಕಾರಣ ಗೂಟದ ಮೇಲೆ ಟೋಪಿ ಹಾಕಿಕೊಂಡು ನಿಂತಿತ್ತು. ಒಂದು ವಾರ ನಕ್ಕವರೇ ಈಗ ನನ್ನ ಕಂಡರೆ ಮಾತು ನಿಲ್ಲಿಸತೊಡಗಿದರು. ‘ಸತ್ತ ಹಿರಿಯನ ದಿಬ್ಬಕ್ಕೆ ಕಾಲಿಟ್ಟು ಅವನ ವೇಷ ಕಟ್ಟಿದ್ರೆ ಇನ್ನೇನಾಗುತ್ತೆ, ದಿಬ್ಬ ಹೆಣದ ಬಣ್ಣಕ್ಕೆ ತಿರುಗಿತು’ ಎಂದು ವಿಲಿಕೇಸಾ ಮಾವ ಕಾವಾ ಬೇರಿನ ರಸ ಕುಡಿಯುವ ಕಡೆಯೆಲ್ಲ ಹೇಳಿದ. ಅವನೇ ಅಣ್ಣಾ, ಟೋಪಿ ಅಲ್ಲೇ ಇರಲಿ ಎಂದು ಒಂದು ಗಂಟೆ ಭಾಷಣ ಮಾಡಿದವನು. ನನ್ನನ್ನು ಅಂದರೆ ನಾನು ಅನ್ನಿಸಿಕೊಳ್ಳುತ್ತೇನೆ, ಅದು ಊರಿನ ಕಿಡಿಗೇಡಿ ಎಂಬ ನನ್ನ ಹುದ್ದೆಯೊಂದಿಗೆ ಬಂದದ್ದು. ಆದರೆ ಈಸ್ಟರ್ ಭಾನುವಾರ ಚರ್ಚಿನಲ್ಲಿ ಅಮ್ಮನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಅವಳು ಅಷ್ಟುದ್ದದ ಬೆಂಚಿನಲ್ಲಿ ಒಬ್ಬಳೇ, ಕಪ್ಪು ಬಟ್ಟೆಯಲ್ಲಿ, ಬೀಸಣಿಗೆ ಬೀಸಿಕೊಳ್ಳುತ್ತ ಎಲ್ಲ ಕೀರ್ತನೆಗಳನ್ನೂ ಜೋರಾಗಿ ಹಾಡಿದಳು. ಮನೆಗೆ ಬಂದ ಮೇಲೆ ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ ಮೊದಲ ವಾರ ಸುವಾದಿಂದ ಮೀನುಗಾರಿಕೆ ಕಚೇರಿಯ ಆರಿಯೇತಾ ಅನ್ನುವವಳು ಬಂದಳು. ಸಣ್ಣ ಆಳು, ದೊಡ್ಡ ಬೂಟು, ಹಗ್ಗಕ್ಕೆ ಕಟ್ಟಿದ ಥರ್ಮಾಮೀಟರು. ನಮ್ಮ ಮನೆಯಲ್ಲೇ ಉಳಿದಳು, ಯಾಕೆಂದರೆ ಆ ಹೊತ್ತಿಗೆ ನಮ್ಮ ಮನೆಯಲ್ಲಿ ಚಾಪೆ ಬೇಕಾದಷ್ಟು ಖಾಲಿ ಇತ್ತು. ಗೂಟದ ಹೊರಗಿನಿಂದಲೇ ಅಳೆದು ಬಂದು ಚಾವಡಿಯಲ್ಲಿ ಹೇಳಿದಳು, ನೀರು ಮೂವತ್ತೊಂದು ಡಿಗ್ರಿ, ಇರಬೇಕಾದದ್ದಕ್ಕಿಂತ ಎರಡು ಹೆಚ್ಚು, ಇಡೀ ಸಮುದ್ರವೇ ಹೀಗಿದೆ. ವಿಲಿಕೇಸಾ ಮಾವ ನಕ್ಕ. ‘ಎರಡೇ ಎರಡಾ? ನಮ್ಮನೆಯವಳು ಕೊಡೋ ಚಹಾ ದಿನಾ ಹತ್ತು ಡಿಗ್ರಿ ತಣ್ಣಗಿರುತ್ತೆ ಮಗಳೇ, ನಾನೇನು ಬೆಳ್ಳಗಾಗಿದೀನಾ?’ ಎಲ್ಲರೂ ನಕ್ಕರು. ಅವಳೂ ನಕ್ಕು, ‘ನಿಮ್ಮ ಮೈ ಎರಡು ಡಿಗ್ರಿ ಜಾಸ್ತಿ ಬಿಸಿ ಆದ್ರೆ ಏನಂತೀರಾ ಮಾವ?’ ಅಂದಳು. ‘ಜ್ವರ ಅಂತೀನಿ.’ ‘ಎರಡು ತಿಂಗಳು ಇಳೀಲೇ ಇಲ್ಲ ಅಂದ್ರೆ?’ ಮಾವ ಕಾವಾ ಬಟ್ಟಲಿನಲ್ಲಿ ನೊಣ ಬಿದ್ದಿದೆಯೇನೋ ಎಂಬಂತೆ ನೋಡತೊಡಗಿದ.

ಅವಳು ಹೇಳಿದ ಮುಖ್ಯ ಮಾತು ಇದು. ಬೆಳ್ಳಗಾದ ಹವಳ ಇನ್ನೂ ಸತ್ತಿಲ್ಲ, ಹಸಿದಿದೆ. ಅದರ ಮೈಯೊಳಗಿದ್ದು ಬಣ್ಣವನ್ನೂ ಅನ್ನವನ್ನೂ ಕೊಡುತ್ತಿದ್ದ ಸೂಕ್ಷ್ಮ ಪಾಚಿಯನ್ನು ಬಿಸಿಗೆ ಅದೇ ಹೊರದೂಡಿದೆ. ಮೇ ತಿಂಗಳಲ್ಲಿ ನೀರು ತಣ್ಣಗಾದರೆ ಅರ್ಧವಾದರೂ ಚೇತರಿಸಿಕೊಳ್ಳಬಹುದು. ಅಷ್ಟರಲ್ಲಿ ಹೊರಗಿನ ಒರಟು ಪಾಚಿ ಅದರ ಮೇಲೆ ಹಬ್ಬಿಬಿಟ್ಟರೆ ಮುಗಿಯಿತು. ಆ ಪಾಚಿಯನ್ನು ಹೆರೆದು ತಿನ್ನುವುದು ಗಿಳಿಮೀನು. ಇಷ್ಟು ದಿನ ಯಾರೂ ಹಿಡಿಯದೆ ನಮ್ಮ ದಿಬ್ಬದಲ್ಲಿ ಗಿಳಿಮೀನು ಮೊಣಕಾಲುದ್ದ ಬೆಳೆದು ಹಿಂಡುಗಟ್ಟಿವೆ. ‘ಈಗ ಬಲೆ ಬಿಟ್ರೆ ಊಟ ಆಗುತ್ತೆ, ದಿಬ್ಬ ಹೋಗುತ್ತೆ. ಇನ್ನು ಮೂರು ತಿಂಗಳು ಮುಚ್ಚಿಡಿ, ಅಷ್ಟೇ ನಾನು ಕೇಳೋದು’ ಅಂದಳು. ದೊಡ್ಡಪ್ಪ ಗಡ್ಡ ಕೆರೆದುಕೊಂಡು, ‘ಐದೂರಿಗೆ ಹೇಳಿಯಾಗಿದೆ. ಅಜ್ಜನ ಊಟಕ್ಕೆ ಡಬ್ಬಿ ಮೀನು ಬಡಿಸ್ಲಾ? ತಪ್ಪು ಮಾಡಿದವನು ತಪ್ಪೊಪ್ಪಿಕೊಂಡ್ರೆ ದಿಬ್ಬ ತಾನಾಗೇ ಸರಿಹೋಗುತ್ತೆ’ ಅಂದ. ಅವನನ್ನು ಪೂರ್ತಿ ದೂರಲಾರೆ. ಹಿರಿತನಕ್ಕೆ ಬಂದ ಮೊದಲ ವರ್ಷವೇ ದಿಬ್ಬ ಬೆಳ್ಳಗಾದರೆ ಅದು ಯಾರದ್ದೋ ತಪ್ಪಾಗಿರಲೇಬೇಕು, ತನ್ನದಾಗಿರಬಾರದು. ಸಮುದ್ರದ ಕಿವಿ ಹಿಂಡಲು ಆಗುವುದಿಲ್ಲ, ನನ್ನ ಕಿವಿ ಕೈಗೆಟುಕುವಂತಿದೆ.

ಹೊರಡುವ ಹಿಂದಿನ ಸಂಜೆ ಆರಿಯೇತಾ ನಮ್ಮ ಗೋಡೆಯ ಮುಂದೆ ನಿಂತಿದ್ದಳು. ಅಜ್ಜನ ಪಟದ ಪಕ್ಕದಲ್ಲಿ ನಿನ್ನ ಪಟ ಇದೆಯಲ್ಲ, ಹಳದಿ ಅಂಗಿ ಹಾಕಿಕೊಂಡು ಕಲ್ಲಿದ್ದಲ ಗುಡ್ಡದ ಮುಂದೆ ಹೆಬ್ಬೆರಳು ಎತ್ತಿದ್ದು, ಅದನ್ನೇ ನೋಡುತ್ತಿದ್ದಳು. ಸಮುದ್ರ ಯಾಕೆ ಬಿಸಿಯಾಗುತ್ತಿದೆ, ಏನು ಉರಿದು ಹೀಗಾಗುತ್ತಿದೆ ಎಂದು ಚಾವಡಿಯಲ್ಲಿ ಅವಳೇ ಹೇಳಿದ್ದಳು. ನಾನೇ ಕೇಳಿದೆ, ‘ಅಕ್ಕಾ, ಇದೇನಾ ಅದು?’ ‘ಅದೂ ಹೌದು,’ ಅಂದಳು. ‘ನಿಮ್ಮಣ್ಣ ಒಬ್ಬನೇ ಅಲ್ಲ ಕಣೋ. ನಾನು ಬಂದ ದೋಣಿಯೂ ಪೆಟ್ರೋಲ್ ಕುಡಿದೇ ಬಂದಿದ್ದು.’ ಅಮ್ಮ ಒಲೆಯ ಮುಂದೆ ಕೂತಿದ್ದಳು, ತಿರುಗಿ ನೋಡಲಿಲ್ಲ. ಮರುದಿನ ಬೆಳಿಗ್ಗೆ ನಿನ್ನ ಪಟದ ಗಾಜನ್ನು ಅಜ್ಜನ ಪಟಕ್ಕಿಂತ ಹೆಚ್ಚು ಹೊತ್ತು ಒರೆಸಿದಳು.

ಆವತ್ತೇ ನಾನು ಯೋಚನೆಗೆ ಬಿದ್ದೆ. ನಾನು ಯೋಚಿಸುವುದು ಊರಿಗೆ ಅಪಾಯ ಎಂದು ನೀನೇ ಹೇಳುತ್ತಿದ್ದೆ. ತಪ್ಪೊಪ್ಪಿಕೊಳ್ಳುವುದಿಲ್ಲ ಎಂದು ಎರಡು ವಾರ ಹಟ ಮಾಡಿದವನು ಗುರುವಾರ ದೊಡ್ಡಪ್ಪನ ಮನೆಗೆ ಹೋಗಿ, ‘ಆಯ್ತು, ಒಪ್ಕೋತೀನಿ, ತಪ್ಪುಕಾಣಿಕೆ ಇಡ್ತೀನಿ’ ಅಂದೆ. ಅವನ ಕಣ್ಣಲ್ಲಿ ನೀರು ಬಂತು. ‘ಕೊನೆಗೂ ಮನುಷ್ಯ ಆದೆ ಕಣೋ’ ಎಂದು ತಬ್ಬಿಕೊಂಡ, ಗಡ್ಡ ಚುಚ್ಚಿತು. ಕಾಣಿಕೆಗೆ ಅಮ್ಮ ಪೆಟ್ಟಿಗೆಯಿಂದ ತಿಮಿಂಗಿಲದ ಹಲ್ಲನ್ನು ತೆಗೆದುಕೊಟ್ಟಳು. ಯಾವ ಹಲ್ಲು ಎಂಬುದನ್ನು ಆಮೇಲೆ ಹೇಳುತ್ತೇನೆ. ಅದಕ್ಕೆ ತೆಂಗಿನೆಣ್ಣೆ ಹಚ್ಚಿ ಹೊಳೆಯುವ ತನಕ ಉಜ್ಜಿದಳು. ನಾನು ಏನು ಮಾಡಲು ಹೊರಟಿದ್ದೇನೆಂದು ಅವಳಿಗೂ ಹೇಳಿರಲಿಲ್ಲ.

ನಿನ್ನೆ ಬೆಳಿಗ್ಗೆ ಚಾವಡಿ ತುಂಬಿತ್ತು. ಗಂಡಸರು ಮುಂದೆ, ಹೆಂಗಸರು ಬಾಗಿಲ ಬಳಿ, ಮಕ್ಕಳು ಕಿಟಕಿಗೆ ಜೋತುಬಿದ್ದು. ನಾನು ಒಗೆದ ಪಂಚೆ, ಅಂಗಿ ಹಾಕಿ, ಎಣ್ಣೆ ಹಚ್ಚಿದ ತಲೆ ತಗ್ಗಿಸಿಕೊಂಡು ಮಂಡಿಯಲ್ಲೇ ನಡೆದು ಒಳಗೆ ಹೋದೆ. ನಮ್ಮ ಮನೆತನದ ಪರವಾಗಿ ಚಿಕ್ಕಪ್ಪ ಎರಡು ಮಾತಾಡಿ ಹಲ್ಲನ್ನು ಮುಂದಿಟ್ಟ. ಇಲ್ಲಿ ಅವರು ತಪ್ಪಿದರು ಅಣ್ಣಾ. ನನಗೆ ಎಲ್ಲಿ ಮನಸ್ಸು ಬದಲಾಗುತ್ತದೋ ಎಂಬ ಆತುರಕ್ಕೆ ವಿಲಿಕೇಸಾ ಮಾವ ತಕ್ಷಣ ಹಲ್ಲನ್ನು ಎತ್ತಿಕೊಂಡ, ‘ಈ ತಪ್ಪನ್ನು ಇಡಿಯಾಗಿ ಸ್ವೀಕರಿಸಿದ್ದೇವೆ’ ಅಂದ, ಚಾವಡಿಯೆಲ್ಲ ಬೊಗಸೆಗೈಯಲ್ಲಿ ಮೂರು ಸಲ ಗಂಭೀರವಾಗಿ ಚಪ್ಪಾಳೆ ತಟ್ಟಿತು. ಸ್ವೀಕರಿಸಿದ ಹಲ್ಲನ್ನು ಹಿಂದಕ್ಕೆ ಕೊಡುವ ಹಾಗಿಲ್ಲ, ಸ್ವೀಕರಿಸಿದ ತಪ್ಪನ್ನು ಆಮೇಲೆ ಚಿಕ್ಕದು ಮಾಡುವ ಹಾಗೂ ಇಲ್ಲ. ಅದು ಅಜ್ಜನೇ ನಮಗೆ ಹೇಳಿಕೊಟ್ಟದ್ದು. ಆಮೇಲೆ ದೊಡ್ಡಪ್ಪ, ‘ಈಗ ನಿನ್ನ ಬಾಯಲ್ಲೇ ಹೇಳು ಮಗಾ, ಏನು ತಪ್ಪು ಮಾಡ್ದೆ’ ಅಂದ.

ನಾನು ಅತ್ಯಂತ ಗಂಭೀರವಾಗಿ, ಪಾದ್ರಿಯ ದನಿ ಎರವಲು ತಂದು ಹೇಳಿದೆ. ‘ಹಿರಿಯರೇ, ಇಪ್ಪತ್ತನೇ ದಿನ ನಾನು ಕಟ್ಟಿನ ಒಳಗೆ ಕಾಲಿಟ್ಟೆ. ಆವತ್ತೇ ಕಟ್ಟು ಮುರೀತು. ಮುರಿದ ಕಟ್ಟಿನಿಂದಲೇ ದಿಬ್ಬ ಬೆಳ್ಳಗಾಯ್ತು ಅಂತ ನೀವೆಲ್ಲ ಹೇಳಿದ್ರಿ, ನಾನೂ ಒಪ್ಕೊಂಡೆ, ನೀವು ಹಲ್ಲು ತಗೊಂಡ್ರಿ. ಅಂದ್ಮೇಲೆ ಅಜ್ಜನಿಗೆ ಸಂದಿರೋದು ಹತ್ತೊಂಬತ್ತೇ ರಾತ್ರಿ. ಮಿಕ್ಕ ರಾತ್ರಿ ನಮ್ಮ ದಿಬ್ಬದಲ್ಲಿ ಕಟ್ಟೇ ಇರ್ಲಿಲ್ಲ. ಮುಂದಿನ ಶನಿವಾರ ನೂರು ತುಂಬಲ್ಲ. ಹಿರಿಯನಿಗೆ ಅರೆಬರೆ ಶೋಕ ಮಾಡೋದು ನಂಗಿಷ್ಟ ಇಲ್ಲ. ಎಣಿಕೆ ಇವತ್ತಿಂದ ಮೊದಲಾಗಲಿ ಅಂತ ಬೇಡ್ಕೋತೀನಿ.’

ಚಾವಡಿಯಲ್ಲಿ ದೊಡ್ಡಪ್ಪ ಕೆರೆದುಕೊಳ್ಳುವ ಸದ್ದೂ ನಿಂತಿತು. ವಿಲಿಕೇಸಾ ಮಾವ ಕೈಯಲ್ಲಿದ್ದ ಹಲ್ಲನ್ನು ಬಿಸಿ ಗೆಣಸಿನ ಹಾಗೆ ಹಿಡಿದುಕೊಂಡಿದ್ದ. ‘ಒಂದ್ನಿಮಿಷ, ಟೋಪಿ ಅಂದ್ರೆ ಅದೇನು ಅಷ್ಟು ದೊಡ್ಡ ವಿಷಯ ಅಲ್ಲ, ಹುಡುಗಾಟ...’ ಎಂದು ಶುರುಮಾಡಿದ. ಆಗ ಬಾಗಿಲ ಬಳಿಯಿಂದ ಮಕೆರೇಟಾ ಅತ್ತೆ ಎದ್ದಳು. ಹೆಂಗಸರು ಅಲ್ಲಿ ಮಾತಾಡುವುದು ಕಡಿಮೆ, ಆದರೆ ಬುಟ್ಟಿ ಕಳೆದುಕೊಂಡವಳು ಅವಳು. ‘ಏನಪ್ಪಾ ವಿಲಿಕೇಸಾ, ಒಂದು ತಿಂಗಳಿಂದ ಈ ಹುಡುಗನ ತಾಯಿ ಪಕ್ಕ ಯಾರೂ ಕೂರದ ಹಾಗೆ ಮಾಡಿದ್ದು ಹುಡುಗಾಟಕ್ಕಾ? ಟೋಪಿ ಏನೂ ಮಾಡಿಲ್ಲ ಅಂದ್ರೆ ಹಾಗಂತ ಎಲ್ರ ಮುಂದೆ ಹೇಳು, ಅವಳ ಕ್ಷಮೆ ಕೇಳು, ಆ ಬೂಟಿನ ಹುಡುಗಿ ಹೇಳಿದ್ದು ಸರಿ ಅನ್ನು, ದಿಬ್ಬ ಮುಚ್ಚಿಡು. ಟೋಪಿನೇ ಮಾಡಿದ್ದು ಅಂದ್ರೆ ಒಂದರಿಂದ ಎಣಿಸು, ದಿಬ್ಬ ಮುಚ್ಚಿಡು. ಯಾವ ಕಡೆಯಿಂದ ಬಂದ್ರೂ ಬಲೆ ಮನೇಲೇ ಇರುತ್ತೆ.’ ಯಾವನೋ ಕಿಟಕಿಯಲ್ಲಿ ಕಿಸಕ್ಕನೆ ನಕ್ಕ. ದೊಡ್ಡಪ್ಪ ನನ್ನನ್ನೇ ನೋಡಿದ. ಅಜ್ಜನ ಮಗ ಅವನು, ಸುಮ್ಮನೆ ಅಲ್ಲ, ಏನಾಗಿದೆ ಎಂದು ಗೊತ್ತಾಗಿತ್ತು. ಕೊನೆಗೆ ಗಡ್ಡ ಹಿಡಿದುಕೊಂಡು, ‘ಒಂದು’ ಅಂದ. ಅಷ್ಟೇ. ನಿನ್ನೆ ಮೊದಲ ರಾತ್ರಿ. ಆಗಸ್ಟ್ ತನಕ ನಮ್ಮ ದಿಬ್ಬಕ್ಕೆ ಬಲೆ ಇಲ್ಲ.

ಇದನ್ನು ಓದಿ ನೀನು ನಗುತ್ತೀ ಎಂದು ನನಗೆ ಗೊತ್ತು. ಊರಿನ ಅರ್ಧ ಜನ ನಗುತ್ತಿದ್ದಾರೆ, ಮಿಕ್ಕ ಅರ್ಧ ಜನ ಇನ್ನೂ ನೂರು ರಾತ್ರಿ ಕಪ್ಪು ಬಟ್ಟೆ ಒಗೆಯಬೇಕಲ್ಲ ಎಂದು ಶಪಿಸುತ್ತಿದ್ದಾರೆ. ನನಗೆ ನಗು ಬರುತ್ತಿಲ್ಲ. ನಿನ್ನೆ ಮನೆಗೆ ಬಂದು ಅಂಗಿ ಬಿಚ್ಚಿ ಮೂಲೆಗೆ ಎಸೆದೆ, ಸಿಟ್ಟಿಗೆ. ಗೆದ್ದೆ ಎಂದುಕೊಂಡಿದ್ದೆ. ಏನು ಗೆದ್ದದ್ದು? ಒಂದು ಸುಳ್ಳನ್ನು ಊರೆದುರು ಮಂಡಿಯೂರಿ ಒಪ್ಪಿಕೊಂಡು ನಾಲ್ಕು ಗಿಳಿಮೀನು ಉಳಿಸಿದೆ. ಇನ್ನು ಇವರ ಮೊಮ್ಮಕ್ಕಳಿಗೂ ಇದೇ ಕಥೆ, ಕಿಟಿಯೋನೆ ಅನ್ನುವವನ ಟೋಪಿಯಿಂದ ದಿಬ್ಬ ಸತ್ತುಹೋಗಿತ್ತಂತೆ. ಸಮುದ್ರವನ್ನು ನಿಜವಾಗಿ ಕುದಿಸಿದವರು ಯಾವ ಚಾಪೆಯ ಮೇಲೂ ಮಂಡಿಯೂರಲಿಲ್ಲ, ಅವರ ಹೆಸರೂ ಈ ಊರಿಗೆ ಗೊತ್ತಿಲ್ಲ, ನಮ್ಮ ಊರಿನ ಹೆಸರು ಅವರಿಗೆ ಗೊತ್ತಿಲ್ಲ. ಮುಂದಿನ ವರ್ಷ ಮತ್ತೆ ನೀರು ಬಿಸಿಯಾದರೆ ನಾನು ಇನ್ನೇನು ಒಪ್ಪಿಕೊಳ್ಳಲಿ? ಒಪ್ಪಿಕೊಳ್ಳಲು ನನ್ನ ಹತ್ತಿರ ಇನ್ನೊಂದು ಟೋಪಿಯಿಲ್ಲ.

ಇವತ್ತು ಬೆಳಿಗ್ಗೆ ಚರ್ಚಿನಲ್ಲಿ ಮಕೆರೇಟಾ ಅತ್ತೆ ಬಂದು ಅಮ್ಮನ ಪಕ್ಕದಲ್ಲಿ ಧೊಪ್ಪೆಂದು ಕೂತಳು. ಅವಳ ಹಿಂದೆ ಇನ್ನಿಬ್ಬರು. ಅಮ್ಮ ಹಾಡುವಾಗ ದನಿ ಒಡೆಯಿತು, ಖಾಲಿ ಬೆಂಚಿನಲ್ಲಿ ಒಡೆಯದ ದನಿ. ಇಷ್ಟು ಸಿಹಿ ಸುದ್ದಿ ಸಾಕು. ದೊಡ್ಡಪ್ಪ ನಿನಗೆ ಆಶೀರ್ವಾದ ಹೇಳಿದ್ದಾನೆ, ಜೊತೆಗೆ ಗಡ್ಡದ ನವೆಗೆ ಅಲ್ಲಿ ಯಾವುದಾದರೂ ಮುಲಾಮು ಸಿಗುತ್ತದೆಯೇ ಎಂದು ಕೇಳಿದ್ದಾನೆ. ಅತ್ತೆ ನಿನ್ನನ್ನು ನೆನೆದಳು, ಹೊಸ ಬುಟ್ಟಿ ನಾನೇ ಹೆಣೆದುಕೊಡಬೇಕಂತೆ. ನಾಯಿ ಬಾಲ ಅಲ್ಲಾಡಿಸುತ್ತಿದೆ, ಅದನ್ನೂ ನಿನ್ನ ಲೆಕ್ಕಕ್ಕೆ ಸೇರಿಸಿಕೋ. ದೇವರು ನಿನ್ನ ಸೊಂಟವನ್ನೂ ಶ್ವಾಸವನ್ನೂ ಕಾಪಾಡಲಿ.

ನಿನ್ನ ತಮ್ಮ,
ದಿಬ್ಬ ಕೊಂದವನೆಂದು ಊರು ಒಪ್ಪಿದ
ಕಿಟಿಯೋನೆ

ತಾ.ಕ.: ಅಮ್ಮ ಎದ್ದಳು, ಬೇಗ ಮುಗಿಸುತ್ತೇನೆ. ನಿನ್ನೆ ಕೊಟ್ಟ ಹಲ್ಲು ಉನಾಯಿಸಿಯ ಮನೆಗೆ ಹೆಣ್ಣು ಕೇಳಲು ಹೋಗುವಾಗ ಇಡಲೆಂದು ಅಜ್ಜ ನಿನಗಾಗಿ ಎತ್ತಿಟ್ಟದ್ದು. ಮನೆಯಲ್ಲಿದ್ದದ್ದು ಅದೊಂದೇ. ಶೋಕ ಮುಗಿಯುವ ತನಕ ಮದುವೆಯ ಮಾತೂ ಆಡುವ ಹಾಗಿಲ್ಲ, ಮೇ ತಿಂಗಳ ಟಿಕೆಟನ್ನು ಆಗಸ್ಟಿಗೆ ಬದಲಿಸು. ಉನಾಯಿಸಿಗೆ ನಾನೇ ಹೋಗಿ ಹೇಳಿದೆ. ಅವಳು ಅಳಲಿಲ್ಲ, ‘ಮೂರು ವರ್ಷ ಕಾದಿದೀನಿ, ಮೂರು ತಿಂಗಳು ಯಾವ ಲೆಕ್ಕ. ಬರೋವಾಗ ಬಾ ಅನ್ನು, ಆದ್ರೆ ದಿಬ್ಬ ನೋಡಿ ಆಮೇಲೆ ನಮ್ಮನೆಗೆ ಬರ್ಲಿ’ ಅಂದಳು. ಹೇಗಾದರೂ ಎರಡು ಹಲ್ಲು ಹೊಂದಿಸಿಕೊಂಡು ಬಾ. ಒಂದು ಅವಳಪ್ಪನಿಗೆ. ಇನ್ನೊಂದು ಚಾವಡಿಯ ಚಾಪೆಗೆ. ನಾನು ಅಲ್ಲಿ ನನ್ನದಲ್ಲದ್ದನ್ನು ಒಪ್ಪಿಕೊಂಡು ಬಂದಿದ್ದೇನೆ. ನೀನು ದಿನವೂ ಆ ಹಡಗುಗಳಿಗೆ ಏನು ತುಂಬುತ್ತೀ, ಅದು ಎಲ್ಲಿಗೆ ಹೋಗಿ ಉರಿಯುತ್ತದೆ ಎಂಬುದನ್ನು ಅದೇ ಜಾಗದಲ್ಲಿ ಕೂತು ನಿನ್ನ ಬಾಯಲ್ಲೇ ಹೇಳಬೇಕು. ನಮ್ಮ ಸೂರು ಆ ಸಂಬಳದಿಂದಲೇ ಬಂದದ್ದೆಂದು ನನಗೆ ಗೊತ್ತು, ದೋಣಿಯ ಎಂಜಿನ್ನೂ. ಅದನ್ನೂ ಹೇಳು, ಪಕ್ಕದಲ್ಲಿ ನಾನೂ ಕೂರುತ್ತೇನೆ. ಆದರೆ ಹೇಳದೆ ಮದುಮಗನಾಗಬೇಡ, ನಾನು ಬರುವುದಿಲ್ಲ ಮದುವೆಗೆ. ಟೋಪಿ ಇನ್ನೂ ಗೂಟದ ಮೇಲೆಯೇ ಇದೆ, ಹೊಸ ಕಟ್ಟು ಬಿದ್ದದ್ದರಿಂದ ಈಗ ಮತ್ತೆ ಯಾರೂ ಮುಟ್ಟುವ ಹಾಗಿಲ್ಲ. ಆಗಸ್ಟಿನಲ್ಲಿ ಅದನ್ನು ತರಲು ನೀನೇ ಹೋಗಬೇಕು. ಬರಿಗಾಲಲ್ಲಿ ಹೋಗು. ನಡೆಯುವಾಗ ಕೆಳಗೆ ನೋಡು.